ಪಾಠ ಕಲಿಸಲು ಬಂದವಳಿಗೆ ಹನ್ನೊಂದು ಶಾಲು

ಮಾನ್ಯ ಓದುಗರೇ,

ಮೊದಲಿಗೆ ಕ್ಷಮೆ ಕೋರುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ, ಕಾಗುಣಿತವೂ ಭರವಸೆಯದಲ್ಲ. ಈವರೆಗೆ ನಾನು ಬರೆದದ್ದೆಲ್ಲ ಶಾಲಾ ಸಮಿತಿಯ ಸದಸ್ಯಳಾಗಿ ಕೊಟ್ಟ ಅರ್ಜಿಗಳು (ಶೌಚಾಲಯದ ಬಾಗಿಲಿನ ಕುರಿತೇ ನಾಲ್ಕು). ಅಂಕಣ ಬರೆಯುವ ಕ್ರಮ ನನಗೆ ತಿಳಿಯದು. ಆದರೆ ಸಿಟ್ಟು ಬಂದಿದೆ. ಆದಕಾರಣ ಬರೆಯುತ್ತಿದ್ದೇನೆ.

ವಿಷಯ: ನಮ್ಮ ಶಾಲೆಯ ವಿದೇಶಿ ಶಿಕ್ಷಕಿಗೆ ಸನ್ಮಾನ ಮಾಡುವುದನ್ನು ನಿಲ್ಲಿಸುವ ಬಗ್ಗೆ.

ಮಾರ್ತಾ ಪೋಲೆಂಡ್ ದೇಶದವಳು. ಸಂಬಳವಿಲ್ಲದೆ ಆರು ತಿಂಗಳು ಇಂಗ್ಲಿಷ್ ಕಲಿಸಲು ಬೈಲಹೊಂಗಲ ತಾಲ್ಲೂಕಿನ ನಮ್ಮ ಹಳ್ಳಿಗೆ ಬಂದು, ನಮ್ಮ ಮನೆಯ ಮುಂದಿನ ಖೋಲಿಯಲ್ಲಿದ್ದಾಳೆ. (ಹಳ್ಳಿಯ ಹೆಸರು ಬರೆಯುವುದಿಲ್ಲ. ನಾನು ಇಲ್ಲೇ ಬಾಳಬೇಕು.) ಅವಳಿಗೆ ನಮ್ಮಂತೆ ಇರುವ ಆಸೆ. ನಾವು ಬಿಡಬೇಕಲ್ಲ? ಕೊಡ ಎತ್ತಿದರೆ ಯಾರಾದರೂ ಕಸಿದುಕೊಳ್ಳುತ್ತಾರೆ. ನೆಲದ ಮೇಲೆ ಕುಳಿತರೆ ಎಲ್ಲಿಂದಲೋ ಕುರ್ಚಿ ಬರುತ್ತದೆ. ಅದರ ಹಿಂದೆ ಹಾರ, ಶಾಲು, ಫೋಟೋ.

ಈವರೆಗೆ ಹನ್ನೊಂದು ಶಾಲು. ಮೊದಲನೆಯದನ್ನು ಹೊದಿಸಿದವಳು ನಾನೇ ಎಂಬುದನ್ನು ಮುಚ್ಚಿಡುವುದು ನ್ಯಾಯವಲ್ಲ.

ಕಳೆದ ಸೋಮವಾರದ ಸಂಗತಿ ಕೇಳಿ. ಐದನೆಯ ತರಗತಿಯ ರೇಣುಕಾ ವರ್ಗದಲ್ಲಿ ಬಾಯಿ ತೆರೆದವಳೇ ಅಲ್ಲ. ಅಂದು ತಾನಾಗಿಯೇ ಎದ್ದು ನಿಂತು, "ಅವರ್ ಬಫೆಲೋ..." ಎಂದಳು. ಮಾರ್ತಾ ಸೀಮೆಸುಣ್ಣ ಕೆಳಗಿಟ್ಟು ಕಾಯುತ್ತಿದ್ದಳು. ಬಿಸಿಯೂಟದ ಅಕ್ಕಿ ನೋಡಲು ಹೋಗಿದ್ದ ನಾನೂ ಬಾಗಿಲಲ್ಲಿ ನಿಂತೆ.

ಅಷ್ಟರಲ್ಲಿ ಜೀಪು ಬಂತು. ಪಕ್ಕದೂರಿನ ಯಾವುದೋ ಸಂಘದ ಅಧ್ಯಕ್ಷರು, ಹಿಂದೆ ಫೋಟೋದವನು.

"ಅಧ್ಯಕ್ಷರ, ತಾಸು ಮುಗಿಯೂತನಕಾ ತಡೀರಿ," ಎಂದೆ.

"ಐದ ಮಿನಿಟ್ ಅಷ್ಟರೀ ಅಕ್ಕಾರ. ದೊಡವಾಡದಾಗ ಇನ್ನೊಂದ ಕಾರ್ಯಕ್ರಮ ಐತಿ. ಏ ಹುಡುಗಿ, ಕುಂದರ ನೀ, ಫೋಟೋಕ್ಕ ಅಡ್ಡ ಆಗ್ತಿ!"

ರೇಣುಕಾ ಕುಳಿತಳು. ಐದು ನಿಮಿಷ ನಲವತ್ತಾಯಿತು. ಗಂಟೆ ಹೊಡೆಯಿತು. ಅಂದಿನಿಂದ ಆ ಮಗು ವರ್ಗದಲ್ಲಿ ಮತ್ತೆ ಬಾಯಿ ತೆರೆದಿಲ್ಲ.

ಇದು ಗೌರವವೇ? ಓದುವ ಮಗುವನ್ನು ಕೂರಿಸಿ, ಓದಿಸುವವಳನ್ನು ನಿಲ್ಲಿಸಿ, ನಾವು ಯಾರನ್ನು ಗೌರವಿಸಿದೆವು?

ಮರುದಿನ ಬೆಳಿಗ್ಗೆ ಮಾರ್ತಾ ಶಾಲುಗಳನ್ನು ಮಡಚಿ ನನ್ನ ಮುಂದಿಟ್ಟಳು. ಬೇರೆ ಊರಿಗೆ ಕಳುಹಿಸಿರೆಂದು ತನ್ನ ಸಂಸ್ಥೆಗೆ ಬರೆಯುವಳಂತೆ. "ಎಮ್ಮಿಗೆ ಏನ್ ಆತು? ರೇಣುಕಾ ಹೇಳಲಿಲ್ಲ," ಎಂದು ನಮ್ಮಿಂದ ಕಲಿತ ಕನ್ನಡದಲ್ಲಿ ಕೇಳಿದಳು.

ಅವಳನ್ನು ಸದ್ಯಕ್ಕೆ ತಡೆದವಳು ಪಕ್ಕದ ಮನೆಯ ಹುಸೇನಬಿ. ಅದೂ ತನಗೆ ಅರಿವಿಲ್ಲದೆ. ಅವಳು ನಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಮಾರ್ತಾ ಹೋಗಿ ಪಕ್ಕದಲ್ಲಿ ಕುಳಿತು ಒಂದು ಉಂಡೆ ತೆಗೆದುಕೊಂಡಳು. ನಾನು ಅಭ್ಯಾಸಬಲದಿಂದ ಕುರ್ಚಿ ತರಲು ಎದ್ದೆ. ಹುಸೇನಬಿ ಏಳಲಿಲ್ಲ.

"ಅಯ್ಯ ನಮ್ಮವ್ವಾ, ಹಿಟ್ಟೇನ ನಿನ್ನ ಸವತಿ ಏನ, ಹಂಗ್ಯಾಕ ಬಡೀತಿ? ಕೈ ಹಗೂರ ಬಿಡು. ಹರೀತು ನೋಡು! ತಗದ ಮತ್ತ ನಾದು."

ಅತಿಥಿಯನ್ನು ಹೀಗೆ ಬೈಯುವುದೇ? ಆದರೆ ಮಾರ್ತಾ ನಗುತ್ತಿದ್ದಳು. ಮೂರು ಸಲ ರೊಟ್ಟಿ ಹರಿದಳು, ಮೂರು ಸಲ ಬೈಸಿಕೊಂಡಳು. ಆಮೇಲೆ ನನ್ನತ್ತ ತಿರುಗಿ ಹೇಳಿದಳು: "ಈ ಊರಾಗ ನನ್ನ ತಪ್ಪು ಮೊದಲ ಸಲ ಹೇಳಿದವರು ಇವರ."

ಸಂಸ್ಥೆಗೆ ಪತ್ರ ಬರೆಯುವುದನ್ನು ಶನಿವಾರದವರೆಗೆ ತಡೆಹಿಡಿದಿದ್ದಾಳೆ. ಅಷ್ಟರಲ್ಲಿ ಕಿತ್ತೂರು, ಸವದತ್ತಿ ಕಡೆಯಿಂದ ಬರಲಿರುವ ಮಹನೀಯರಲ್ಲಿ ವಿನಂತಿಸುವುದೇನೆಂದರೆ, ದಯವಿಟ್ಟು ಬರಬೇಡಿ. ರೇಣುಕಾಳ ಮಾತು ಇನ್ನೂ ಅರ್ಧಕ್ಕೇ ನಿಂತಿದೆ.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ, ಹುಸೇನಬಿಯಂತೆ ಮುಲಾಜಿಲ್ಲದೆ ತಿದ್ದಬೇಕಾಗಿ ಪ್ರಾರ್ಥನೆ. ಶಾಲು ಮಾತ್ರ ಹೊದಿಸಬೇಡಿ.