ಯಾವಾಗ ಬಳಸಬಾರದು

ಕಡೂರಿನ ತೆಂಗು ಬೆಳೆಗಾರರ ಸಂಘದಲ್ಲಿ ಎಐ ಸಹಾಯಕನಿಗೆ ಕೆಲಸ ತಿಳಿಸಿಕೊಡುತ್ತಿದ್ದವನು ಓಂಕಾರೇಶ್. ಲಾರಿ ಗೊತ್ತುಮಾಡುವುದು, ರೈತರಿಗೆ ಮೆಸೇಜ್ ಕಳಿಸುವುದು, ಸದಸ್ಯರ ಪಟ್ಟಿಯಿಂದ ಹೆಸರು ತೆಗೆಯುವುದು, ಹೀಗೆ ಅದರ ಕೈಗೆ ಕೊಟ್ಟ ಒಂದೊಂದು ಟೂಲಿಗೂ ಅವನು ವಿವರಣೆ ಬರೆಯುತ್ತಿದ್ದ: ಇದು ಏನು ಮಾಡುತ್ತದೆ, ಯಾವಾಗ ಬಳಸಬೇಕು, ಯಾವಾಗ ಬಳಸಲೇಬಾರದು. ಬರೆದದ್ದನ್ನು ಮೊದಲು ಕಸ ಗುಡಿಸುವ ಸಾವಿತ್ರಮ್ಮನಿಗೆ ಓದಿ ಹೇಳುವನು. "ಲಾರಿ ಯಾವ್ ಊರಿಗೆ ಅಂತಾನೇ ಬರ್ದಿಲ್ವಲ್ಲಪ್ಪಾ! ನಂಗೇ ತಿಳೀದಿದ್ದು ಆ ಮಿಷಿನ್‌ಗೆ ಹೆಂಗೆ ತಿಳೀತದೆ?" ಎಂದು ಆಕೆ ಪೊರಕೆ ಎತ್ತಿದರೆ ಮತ್ತೆ ಬರೆಯುವನು. ಟೀ ಫ್ಲಾಸ್ಕಿಗೂ ಚೀಟಿ ಅಂಟಿಸಿದ್ದ: "ಸಕ್ಕರೆ ಇದೆ. ಸುಸ್ತಾದಾಗ ಕುಡಿಯಿರಿ. ರುದ್ರಮೂರ್ತಿಗೆ, ಎಷ್ಟೇ ಬೇಡಿದರೂ, ಕೊಡಬಾರದು." ಸಂಘದಲ್ಲೇ ಕೆಲಸ ಮಾಡುವ, ಸಕ್ಕರೆ ಕಾಯಿಲೆಯ ಗೆಳೆಯ ರುದ್ರಮೂರ್ತಿ, "ಲೇ, ನಿನ್ ಮದ್ವೆ ಕಾರ್ಡಲ್ಲೂ ಯಾವಾಗ ಉಣ್ಬಾರ್ದು ಅಂತ ಬರ್ಸಿದ್ಯೇನೋ?" ಎಂದು ರೇಗಿಸುತ್ತಿದ್ದ. "ಬರ್ಸಿದ್ರೆ ನೀನು ಎರಡೆರಡು ಪಂಕ್ತೀಲಿ ಕೂರ್ತಿರ್ಲಿಲ್ಲ ಕಣೋ" ಎಂದು ಅವನು ತಿರುಗೇಟು ಕೊಡುವನು. ಓಂಕಾರೇಶ್ ತೀರಿಕೊಂಡು ತಿಂಗಳಾದ ಮೇಲೆ, ಪಟ್ಟಿಯಿಂದ ಅವನ ಹೆಸರು ತೆಗೆಸುವ ಕೆಲಸ ರುದ್ರಮೂರ್ತಿಯ ಪಾಲಿಗೇ ಬಂತು. ಒಲ್ಲದ ಮನಸ್ಸಿನಿಂದ ಸಹಾಯಕನಿಗೆ ಹೇಳಿದ. ಅದು ತೆಗೆಯಲಿಲ್ಲ, "ನೀವು ಅವರ ಮನೆಯವರೇ?" ಎಂದು ಕೇಳಿತು. ಆ ಟೂಲಿಗೆ ಓಂಕಾರೇಶ್ ಬರೆದಿದ್ದ ವಿವರಣೆ ತೆರೆದು ನೋಡಿದ. "ತೀರಿಕೊಂಡವರ ಹೆಸರು ತೆಗೆಯುತ್ತದೆ. ಮನೆಯವರು ತಾವಾಗಿ ಹೇಳಿದಾಗ ಮಾತ್ರ ಬಳಸು. ಫೋನ್ ಎತ್ತಲಿಲ್ಲವೆಂದು ಯಾರನ್ನೂ ಸತ್ತರು ಅಂದುಕೊಳ್ಳಬೇಡ. ತೋಟದಲ್ಲಿ ಸಿಗ್ನಲ್ ಇರುವುದಿಲ್ಲ." ರುದ್ರಮೂರ್ತಿ ನಕ್ಕು, ಕಣ್ಣೊರೆಸಿಕೊಂಡು, "ಅಲ್ಲ, ಬರೀ ಗೆಳೆಯ" ಎಂದು ಟೈಪ್ ಮಾಡಿದ. "ಹಾಗಾದರೆ ಹೆಸರು ಇರಲಿ" ಎಂದಿತು ಅದು. "ಇರ್ಲಿ ಬಿಡಪ್ಪಾ" ಎಂದವನು ಫ್ಲಾಸ್ಕಿನ ಕಡೆ ನೋಡಿದ. ಚೀಟಿ ಇನ್ನೂ ಹಾಗೇ ಇತ್ತು. ಸಕ್ಕರೆಯಿಲ್ಲದ ಟೀ ತರಿಸಿಕೊಂಡ.