ಮೂಗು ಕುಯ್ಸೋಕೆ ಮುಂಚೆ

“ಯಜಮಾನ್ರೇ, ಮೈಸೂರಿಗೆ ದಾರಿ ಯಾವುದು?”

ನಾಗಮಂಗಲದಿಂದ ಅಡ್ಡದಾರಿ ಹಿಡಿದು, ಪಾಂಡವಪುರದ ಕಬ್ಬಿನ ಗದ್ದೆಗಳಲ್ಲಿ ಕಳೆದುಹೋಗಿ, ಒಂದು ಆಲೆಮನೆಯ ಮುಂದೆ ಕಾರು ನಿಲ್ಲಿಸಿದ್ದೆ. ಕೊಪ್ಪರಿಗೆಯ ಪಕ್ಕದಲ್ಲಿದ್ದ ಮುದುಕರು ಸುಮ್ಮನಿರು ಎಂಬಂತೆ ಕೈ ಎತ್ತಿದರು. ಆವಿಯನ್ನು ಮೂಗಿಗೆ ಎಳೆದುಕೊಂಡು, “ಪಾಕ ಬಂತು, ಇಳುಸ್ರೋ” ಎಂದಮೇಲೆಯೇ ನನ್ನತ್ತ ತಿರುಗಿದ್ದು.

“ಮೈಸೂರ್ಗೆ ಯಾಕವ್ವಾ?”

ಗುರುತಿಲ್ಲದವರು, ಸುಳ್ಳು ಹೇಳಬಹುದಿತ್ತು; ಬಾಯಿಗೆ ನಿಜವೇ ಬಂತು. “ಮೂಗು ಚಿಕ್ಕದು ಮಾಡಿಸೋಕೆ. ನಾಳೆ ಆಪರೇಷನ್ನು.”

“ಉಸ್ರಾಡಾಕಾಯ್ತಿಲ್ವಾ?”

“ಆಗ್ತದೆ. ನೋಡೋಕೆ ಉದ್ದ, ಅಷ್ಟೆ.”

“ಕುಯ್ದ್ ಮ್ಯಾಲೂ ವಾಸ್ನೆ ಗೊತ್ತಾಯ್ತದಾ? ಕೆಟ್ಟೋದ್ರೆ ಅಳೇದ್ನೇ ತಿರ್ಗಾ ಅಂಟುಸ್ಕೊಡ್ತಾರಾ?”

ಇವೆರಡನ್ನೂ ನಾನು ಡಾಕ್ಟರನ್ನು ಕೇಳಿರಲಿಲ್ಲ. ಸೀರೆ ಅಂಗಡಿಯಲ್ಲಾದರೂ ಬಣ್ಣ ಬಿಡುತ್ತಾ ಎಂದು ಕೇಳುವವಳು, ಡಾಕ್ಟರ ಆಲ್ಬಮ್ಮಿನಲ್ಲಿ ಫೋಟೊ ನೋಡಿ ಮೂಗು ಆರಿಸಿ ಬಂದಿದ್ದೆ.

ಮುದುಕರು ಮೈಸೂರಿನ ದಾರಿ ಹೇಳಿ, ಎಲೆಯ ಮೇಲೆ ಬಿಸಿ ಬೆಲ್ಲ ಕೊಟ್ಟರು. “ದುಡ್ಡು ಬ್ಯಾಡ ಕಣವ್ವಾ. ಡಾಕ್ಟ್ರು ಏನಂದ್ರು ಅಂತ ಬಂದೇಳು, ಸಾಕು.”

ಮರುದಿನ ಡಾಕ್ಟರಿಗೆ ಎರಡೂ ಪ್ರಶ್ನೆ ಕೇಳಿದೆ. ಅವರು ನಕ್ಕು ಆಲ್ಬಮ್ಮಿನ ಹಾಳೆ ತಿರುವಿದರು. “ಇದು ನಿಮ್ಮ ಮುಖಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತೆ ನೋಡಿ.” ನಾನು ಚೀಲ ಎತ್ತಿಕೊಂಡು ಎದ್ದೆ.

ಹಿಂದಿರುಗುವಾಗ ಆಲೆಮನೆಯೊಳಗೆ ನನಗಿಂತ ಮೊದಲು ಹೊಕ್ಕಿದ್ದು ಅದೇ ಮೂಗು.

“ಡಾಕ್ಟ್ರು ಏನಂದ್ರವ್ವಾ?”

“ಇನ್ನೊಂದು ಫೋಟೊ ತೋರಿಸಿದರು” ಎಂದು ಹೇಳಿ, ಬೆಲ್ಲದ ಸಾಲ ತೀರಿಸಿದೆ.