ಪೆಟ್ಟಿಗೆ ಕಾಯುವ ರಸ್ ಪೆಲ್ಟೋಲ

ನಮ್ಮೂರ ಕಾಲೇಜಿನ ಐಸ್ ಹಾಕಿ ಅಂಗಳದಲ್ಲಿ ರಸ್ ಪೆಲ್ಟೋಲನಿಗೆ ಇದ್ದ ಕೆಲಸ ಒಂದು ಬಾಗಿಲನ್ನು ತೆಗೆಯುವುದು ಮತ್ತು ಹಾಕುವುದು. ತಪ್ಪು ಮಾಡಿದ ಆಟಗಾರನನ್ನು ಎರಡು ನಿಮಿಷವೋ ಐದು ನಿಮಿಷವೋ ಕೂಡಿಹಾಕುವ ಗಾಜಿನ ಪೆಟ್ಟಿಗೆಯ ಬಾಗಿಲು ಅದು. ಹುಡುಗ ಬುಸುಗುಟ್ಟುತ್ತ ಒಳಗೆ ಬರುತ್ತಾನೆ, ರಸ್ ಚಿಲಕ ಸಿಕ್ಕಿಸುತ್ತಾನೆ, ನೀರಿನ ಬಾಟಲಿ ಕೊಡುತ್ತಾನೆ, ಗಡಿಯಾರ ಸೊನ್ನೆಗೆ ಬಂದಾಗ ಹೊರಗೆ ಬಿಡುತ್ತಾನೆ. ಇಪ್ಪತ್ತೇಳು ಚಳಿಗಾಲ ಇದನ್ನೇ ಮಾಡಿದ. ಅದಕ್ಕೆ ಪ್ರತಿಯಾಗಿ ಸಿಗುತ್ತಿದ್ದುದು ಒಂದು ಕಪ್ಪು ಕೋಟು, ಪ್ರತಿ ಪಂದ್ಯಕ್ಕೊಂದು ಮಾಂಸ ತುಂಬಿದ ಬಿಸಿ ಪೇಸ್ಟಿ, ಗಾಡಿ ನಿಲ್ಲಿಸಲು ಹೆಬ್ಬಾಗಿಲ ಪಕ್ಕದಲ್ಲೇ ಜಾಗ. ಆ ಜಾಗದ ಮೇಲೆ ಕಣ್ಣಿಟ್ಟು, ರಸ್‌ನ ಆರೋಗ್ಯವನ್ನು ಅಗತ್ಯಕ್ಕಿಂತ ಹೆಚ್ಚು ವಿಚಾರಿಸುತ್ತಿದ್ದವರು ನಾವು ಊರಲ್ಲಿ ಸುಮಾರು ಜನ ಇದ್ದೆವು.

ನಿವೃತ್ತಿಯಾಗುವವರೆಗೆ ಹೊಟ್ಟೆಪಾಡಿಗೆ ಅವನು ಕೌಂಟಿಯ ಮಂಜು ಗುಡಿಸುವ ಲಾರಿ ಓಡಿಸುತ್ತಿದ್ದ. ಬೆಳಗ್ಗೆ ಎದ್ದು ತಮ್ಮ ಮನೆಯ ಮುಂದೆ ಎದೆಮಟ್ಟ ಮಂಜು ಪೇರಿಸಿ ಹೋದ ಮನುಷ್ಯನನ್ನು ಯಾರೂ ಹೊಗಳುವುದಿಲ್ಲ. ಮೂವತ್ತು ವರ್ಷ ಅವನು ಬೈಗುಳ ತಿಂದೇ ಬಾಳಿದ. ಪೆಟ್ಟಿಗೆಯ ಬಳಿ ಕೂತಾಗ ಮಾತ್ರ ಅವನಿಗೊಂದು ಘನತೆ. ಅಲ್ಲಿ ಕೂತವನು ಚಪ್ಪಾಳೆ ತಟ್ಟಬಾರದು, ಕೂಗಬಾರದು, ಯಾರ ಪಕ್ಷವನ್ನೂ ವಹಿಸಬಾರದು. ತಂಡ ಟ್ರೋಫಿ ಗೆದ್ದ ವರ್ಷ ಮೂರು ಸಾವಿರ ಜನ ಕುಣಿಯುತ್ತಿದ್ದಾಗಲೂ ರಸ್ ಚಿಲಕ ಹಿಡಿದು ಕಲ್ಲಿನಂತೆ ಕೂತಿದ್ದ.

"ಅದೇನು ಹೊಸದಲ್ಲ. ಮದುವೆ ದಿನಾನೂ ಹಾಗೇ ಕೂತಿದ್ದ," ಎನ್ನುತ್ತಾಳೆ ಅವನ ಹೆಂಡತಿ ಮಾರ್ಲಿಸ್.

ಅವನಿಗೆ ಹೆಸರು ಬಂದದ್ದು ಹೋದ ವರ್ಷ. ಎದುರು ತಂಡದ ಹುಡುಗನೊಬ್ಬ ನಮ್ಮವನ ಮೊಣಕಾಲು ಮುರಿದು ಪೆಟ್ಟಿಗೆಗೆ ಬಂದು, "ಬೇಕಂತಲೇ ಹೊಡ್ದೆ," ಎಂದು ನಕ್ಕಿದ್ದ. ಲೀಗ್‌ನವರು ಕೇಳಿದಾಗ ರಸ್ ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದ. ಹುಡುಗನಿಗೆ ಮೂರು ಪಂದ್ಯ ನಿಷೇಧವಾಯಿತು. ಊರು ರಸ್‌ನನ್ನು ತಲೆಯ ಮೇಲೆ ಹೊತ್ತುಕೊಂಡಿತು. ಹಿಲ್ಮಾಳ ಹೋಟೆಲಿನಲ್ಲಿ ಕಿಟಕಿಯ ಪಕ್ಕದ ಕುರ್ಚಿ ಅವನದೇ ಆಯಿತು. ಸುಳ್ಳಾಡದ ಮನುಷ್ಯ ಎಂದು ಮಕ್ಕಳಿಗೆ ಬೆರಳು ತೋರಿಸಿ ಹೇಳುತ್ತಿದ್ದರು. ಅರವತ್ತೆಂಟನೆಯ ವಯಸ್ಸಿಗೆ ಬಂದ ಈ ಮರ್ಯಾದೆಯನ್ನು ರಸ್ ಹೊಸ ಕೋಟಿನಂತೆ ಜೋಪಾನ ಮಾಡುತ್ತಿದ್ದ.

ಈ ವರ್ಷ, ಲೀಗ್ ಹಂತದ ಕೊನೆಯ ಶನಿವಾರ, ಅದು ಆಯಿತು. ಎದುರು ತಂಡದ ಓಸ್ಟ್‌ಬಿ ಎಂಬ ಹುಡುಗ ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಹಿಡಿಯಲು ಅಂಗಳದಂಚಿನ ಹಲಗೆಗೋಡೆಯ ಕಡೆ ಮುಖ ಮಾಡಿದ್ದ. ಅವನ ಬೆನ್ನ ಮೇಲಿನ ಅಂಕಿಯನ್ನು ಮೇಲಿನ ಸಾಲಿನ ಮುದುಕರೂ ಕನ್ನಡಕವಿಲ್ಲದೆ ಓದಬಹುದಿತ್ತು. ನಮ್ಮ ಕೋಲ್ ಡ್ರೆಸ್ಲರ್ ದೂರದಿಂದ ಹೊರಟವನು ವೇಗ ತಗ್ಗಿಸದೆ ಹಿಂದಿನಿಂದ ಅವನಿಗೆ ಗುದ್ದಿದ; ಬೆನ್ನು ಕಾಣುವವನಿಗೆ ಗುದ್ದಬಾರದು ಎಂಬುದು ಆಟದ ನಿಯಮ. ಓಸ್ಟ್‌ಬಿಯ ತಲೆ ಹಲಗೆಗೆ ಬಡಿದ ಸದ್ದಿಗೆ ಇಡೀ ಅಂಗಳ ಬಾಯಿ ಮುಚ್ಚಿಕೊಂಡಿತು. ರೆಫರಿ ಕೊಟ್ಟದ್ದು ಎರಡು ನಿಮಿಷ.

ರಸ್ ಬಾಗಿಲು ತೆಗೆದ. ಡ್ರೆಸ್ಲರ್ ಕೂತ. ಆಚೆ ಮಂಜುಗಡ್ಡೆಯ ಮೇಲೆ ಓಸ್ಟ್‌ಬಿ ಇನ್ನೂ ಅಲುಗಾಡಿರಲಿಲ್ಲ.

"ಮಲಗ್ಲಿ ಬಿಡು ತಾತ," ಎಂದ ಡ್ರೆಸ್ಲರ್, ನೀರು ಉಗುಳಿ. "ಮೊದಲೇ ಹೇಳಿದ್ದೆ ಅವನಿಗೆ, ನಿನ್ನ ಬೆನ್ನು ಸಿಗ್ಲಿ, ಆಮೇಲೆ ನೋಡ್ಕೋತೀನಿ ಅಂತ."

ರಸ್ ಟವೆಲ್ ಕೊಟ್ಟ.

ಭಾನುವಾರ ಚರ್ಚು ಮುಗಿಸಿ ಎಲ್ಲರೂ ಹಿಲ್ಮಾಳ ಹೋಟೆಲಿಗೆ ಬಂದರು. ದೇವರ ಮುಂದೆ ಕ್ಷಮೆಯ ವಿಷಯ ಕೇಳಿ ಬಂದವರು ಕಾಫಿಯ ಮುಂದೆ ನ್ಯಾಯ ತೀರ್ಮಾನಕ್ಕೆ ಕೂತರು. ಮೊದಲ ತೀರ್ಪು ಕ್ಲೈಡ್ ಬುಷಾರ್‌ನದು. ಅವನು ನಿವೃತ್ತ ವಿಮಾ ಏಜೆಂಟ್. ಪೆಟ್ಟು ತಿಂದವನದೇ ತಪ್ಪು ಎಂದು ತೋರಿಸುವುದು ಅವನಿಗೆ ನಲವತ್ತು ವರ್ಷದ ಅಭ್ಯಾಸ.

"ಕೊನೇ ಗಳಿಗೇಲಿ ಅವನೇ ಬೆನ್ನು ತಿರುಗಿಸ್ದ. ನಮ್ಮ ಹುಡುಗ ಏನ್ ಮಾಡ್ಬೇಕಿತ್ತು, ಹಾರ್ಕೊಂಡು ಹೋಗ್ಬೇಕಿತ್ತಾ?"

"ಮೊದಲಿಂದಾನೂ ಬೆನ್ನೇ ಕಾಣ್ತಿತ್ತಲ್ಲೋ, ನಾನೂ ನೋಡಿದೀನಿ," ಎಂದಳು ಹಿಲ್ಮಾ, ಕಾಫಿ ಬಗ್ಗಿಸುತ್ತ.

"ನೀನು ಕಾಫಿ ನೋಡ್ಕೋ. ನೆಲದ ಮೇಲೆ ಚೆಲ್ತಿದೀಯ."

"ನಮ್ಮ ಕಾಲದಲ್ಲಿ ಇಂಥದ್ದಕ್ಕೆ ಕೈ ಕುಲುಕ್ತಿದ್ರು," ಎಂದಳು ಲೋಯಿಸ್ ಟೆರ್ವೋ. ಅವಳು ಚರ್ಚಿನಲ್ಲಿ ಆರ್ಗನ್ ನುಡಿಸುವ ಮೃದು ಬೆರಳಿನ ಹೆಂಗಸು. ಹಾಕಿಯ ವಿಷಯದಲ್ಲಿ ಮಾತ್ರ ರಕ್ತ ಕಾಣದೆ ತೃಪ್ತಿಯಿಲ್ಲ. "ಈಗಿನ ಹುಡುಗರಿಗೆ ಗಾಳಿ ಸೋಕಿದ್ರೂ ಸ್ಟ್ರೆಚರ್ ಬೇಕು."

"ಹೋದ ವರ್ಷ ನಮ್ಮವನ ಕಾಲು ಮುರಿದಾಗ ನೀನೇ ಜೈಲಿಗೆ ಹಾಕಿ ಅಂದಿದ್ದೆ," ಎಂದಳು ಹಿಲ್ಮಾ.

"ಅದು ಬೇರೆ. ಅದು ಅನ್ಯಾಯ."

ಡ್ರೆಸ್ಲರ್‌ಗೆ ನಿಷೇಧ ಬಿದ್ದರೆ ಶುಕ್ರವಾರ ಶುರುವಾಗುವ ಪ್ಲೇಆಫ್ ನಮ್ಮ ಕೈತಪ್ಪಿದ ಹಾಗೆಯೇ. ಆ ಮಾತನ್ನು ಯಾರೂ ಎತ್ತಲಿಲ್ಲ. ಎಲ್ಲರೂ ಸ್ವಲ್ಪ ಹೊತ್ತು ರಸ್‌ನ ಕಡೆ ನೋಡಿದರು, ಆಮೇಲೆ ಹಿಲ್ಮಾ ಅವನ ತಟ್ಟೆಗೆ ಕೇಳದೆಯೇ ಏಲಕ್ಕಿ ಬ್ರೆಡ್ಡಿನ ಇನ್ನೊಂದು ಹೋಳು ಹಾಕಿದಳು.

ಸೋಮವಾರ ಲೀಗ್ ಕಚೇರಿಯಿಂದ ಹಾರ್‌ಗ್ರೀವ್ ಎಂಬ ಹೆಂಗಸು ಫೋನ್ ಮಾಡಿದಳು. ಹೋದ ವರ್ಷ ಕೇಳಿದವಳೂ ಅವಳೇ.

"ಮಿಸ್ಟರ್ ಪೆಲ್ಟೋಲ, ಡ್ರೆಸ್ಲರ್ ಮೊದಲೇ ಬೆದರಿಕೆ ಹಾಕಿದ್ದ ಅಂತ ಆ ತಂಡದವರು ಹೇಳ್ತಿದಾರೆ. ಅವರ ಮಾತನ್ನ ನಾವು ಹಾಗೇ ನಂಬೋಕಾಗಲ್ಲ. ನಿಮ್ಮ ಮಾತು ನಂಬ್ತೀವಿ. ಪೆಟ್ಟಿಗೇಲಿ ಅವನು ಏನಾದ್ರೂ ಅಂದ್ನಾ?"

ಭಾನುವಾರವಿಡೀ ರಸ್ ಉತ್ತರವನ್ನು ಸಿದ್ಧಮಾಡಿಕೊಂಡಿದ್ದ. ಸಿದ್ಧಮಾಡಿಕೊಂಡದ್ದು ನಿಜವಾದ ಉತ್ತರವನ್ನೇ. ಆದರೆ ಬಾಯಿ ತೆರೆದಾಗ ಅವನ ಕಣ್ಣಿಗೆ ಕಂಡದ್ದು ಕಿಟಕಿಯ ಪಕ್ಕದ ಖಾಲಿ ಕುರ್ಚಿ.

"ಜನರ ಗದ್ದಲ, ಮೇಡಂ. ಏನೂ ಕೇಳಿಸ್ಲಿಲ್ಲ."

"ವಿಡಿಯೋದಲ್ಲಿ ಆಗ ಅಂಗಳ ಪೂರ್ತಿ ನಿಶ್ಶಬ್ದವಾಗಿದೆ."

"ಮಂಜಿನ ಲಾರಿ ಓಡಿಸಿ ಓಡಿಸಿ ನನ್ನ ಕಿವಿ ಹೋಗಿದೆ, ಮೇಡಂ."

ಫೋನ್ ಇಟ್ಟು ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಮಾರ್ಲಿಸ್ ನಿಂತಿದ್ದಳು.

"ಕಿವಿ ಹೋಗಿದ್ಯಾ? ನೆಲಮಾಳಿಗೇಲಿ ನಾನು ನಿಮ್ಮಮ್ಮನ ಬಗ್ಗೆ ಪಿಸುಗುಟ್ಟಿದ್ರೂ ಮೇಲಿಂದ ಜಗಳಕ್ಕೆ ಬರೋನು ನೀನು."

"ಹುಡುಗರು ಬಾಯಿಗೆ ಬಂದಿದ್ದು ಅಂತಾರೆ, ಮಾರ್ಲಿಸ್."

"ಏನಂದ ಅಂತ ನಾನು ಕೇಳ್ಲಿಲ್ಲ," ಎಂದು ಅವಳು ಒಳಗೆ ಹೋದಳು.

ಮಂಗಳವಾರ ತೀರ್ಪು ಬಂತು: ಪೆಟ್ಟಿಗೆ ಕಾಯುವವರಿಗೆ ಕಿವಿ ಕೇಳಿಸದು, ಉದ್ದೇಶಪೂರ್ವಕ ಎನ್ನಲು ಸಾಕ್ಷ್ಯ ಸಾಲದು, ನಿಷೇಧವಿಲ್ಲ. ಬುಧವಾರ ಬೆಳಗ್ಗೆ ರಸ್ ಹೋಟೆಲಿಗೆ ಕಾಲಿಟ್ಟಾಗ ಜನ ಎದ್ದು ಚಪ್ಪಾಳೆ ತಟ್ಟಿದರು. ತನ್ನ ಮಾತನ್ನು ಊರು ನಂಬಿದೆ, ಪಾಪ ಮುದುಕನಿಗೆ ಕೇಳಿಸಿರಲಿಲ್ಲ ಎಂದು ಬಿಟ್ಟುಬಿಡುತ್ತಾರೆ ಎಂದುಕೊಂಡು ಬಂದಿದ್ದ ಅವನು. ಒಬ್ಬರೂ ನಂಬಿರಲಿಲ್ಲ. ಚಪ್ಪಾಳೆ ಬಿದ್ದದ್ದು ಅದಕ್ಕೇ.

ಕ್ಲೈಡ್ ಅವನ ಹೆಗಲ ಮೇಲೆ ಕೈಹಾಕಿದ. "ಕಿವಿ ಹೋಗಿದೆ ಅಂದ್ಯಂತಲ್ಲೋ. ಭಲೇ ಮುದುಕ. ನಿನ್ನಂಥವನು ನನ್ನ ಆಫೀಸಲ್ಲಿ ಒಬ್ಬ ಇದ್ದಿದ್ರೆ ನಾನು ಹತ್ತು ವರ್ಷ ಮುಂಚೆ ನಿವೃತ್ತಿ ಆಗ್ತಿದ್ದೆ."

"ನಿಜವಾಗ್ಲೂ ಕೇಳಿಸ್ಲಿಲ್ಲ, ಕ್ಲೈಡ್."

"ಆಯ್ತಪ್ಪ, ಕೇಳಿಸ್ಲಿಲ್ಲ." ಎಲ್ಲರೂ ನಕ್ಕರು. "ಹೋದ ವರ್ಷಾನೂ ಹೀಗೇ ಅಲ್ವಾ? ಆ ಹುಡುಗ ಬೇಕಂತಲೇ ಹೊಡ್ದೆ ಅಂತ ಬಾಯಿಬಿಟ್ಟು ಅಂದಿರ್ತಾನಾ? ನಂಗೆ ಆವತ್ತೇ ಗೊತ್ತಿತ್ತು, ರಸ್ ನಮ್ಮೋನು ಅಂತ."

"ಅವನು ಅಂದಿದ್ದ," ಎಂದ ರಸ್. "ಅದೇ ಮಾತು ಅಂದಿದ್ದ. ಒಂದಕ್ಷರ ನಾನು ಸೇರಿಸಿಲ್ಲ."

"ಹೌದಪ್ಪ ಹೌದು," ಎಂದು ಲೋಯಿಸ್ ಕಣ್ಣು ಮಿಟುಕಿಸಿದಳು. ಅವಳ ಪಾಲಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ರಸ್ ಹಿಲ್ಮಾಳನ್ನು ನೋಡಿದ. ಅವಳೊಬ್ಬಳು ನಕ್ಕಿರಲಿಲ್ಲ. ಹಾಗಂತ ನಂಬಿದಂತೆಯೂ ಕಾಣಲಿಲ್ಲ. ಮೇಜು ಒರೆಸುತ್ತಿದ್ದಳು, ಈಗಾಗಲೇ ಒರೆಸಿದ್ದ ಮೇಜನ್ನು.

ಆ ಮಧ್ಯಾಹ್ನದ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿಯಿತ್ತು. ಓಸ್ಟ್‌ಬಿ ಕಾಲೇಜು ಬಿಟ್ಟು ತಂದೆಯ ಮನೆಗೆ ಹೋಗಿದ್ದಾನೆ. ಬೆಳಕು ಕಂಡರೆ ವಾಂತಿ. ಪರದೆ ಎಳೆದ ಕೋಣೆಯಲ್ಲಿದ್ದಾನೆ. ಮತ್ತೆ ಆಡುವುದು ಅನುಮಾನ. ರಸ್ ಅದನ್ನು ಎರಡು ಸಲ ಓದಿ, ಗುರುವಾರ ಬೆಳಗ್ಗೆ ತಾನೇ ಲೀಗ್ ಕಚೇರಿಗೆ ಫೋನ್ ಮಾಡಿದ.

"ನೆನಪಾಯ್ತು, ಮೇಡಂ. ಅವನು ಏನೋ ಅಂದ."

ಆಚೆಯಿಂದ ಹಾರ್‌ಗ್ರೀವ್ ಕಾಗದ ಮಗುಚುವ ಸದ್ದು ಬಂತು. "ಸೋಮವಾರ ಕಿವಿ ಕೇಳಿಸ್ತಿರ್ಲಿಲ್ಲ. ಗುರುವಾರ ಕೇಳಿಸ್ತಿದೆ. ಮಿಸ್ಟರ್ ಪೆಲ್ಟೋಲ, ತೀರ್ಪು ಆಗಿಹೋಗಿದೆ. ನೀವು ಹೇಳಿಕೆ ಬದಲಾಯಿಸ್ತೀರಿ ಅಂದ್ರೆ ಬರ್ಕೋತೀನಿ. ಆದ್ರೆ ಆಗ ಹೋದ ವರ್ಷದ್ದನ್ನೂ ತೆಗೆದು ನೋಡ್ಬೇಕಾಗುತ್ತೆ. ನಿಮ್ಮೊಬ್ಬರ ಮಾತಿನ ಮೇಲೆ ಆ ಹುಡುಗನಿಗೆ ಶಿಕ್ಷೆ ಕೊಟ್ಟಿದ್ವಿ."

"ಅದು ನಿಜ, ಮೇಡಂ. ಹೋದ ವರ್ಷದ್ದು ನಿಜ."

"ಯಾವುದು ನಿಜ ಅಂತ ನಾನು ಹೇಗೆ ತಿಳ್ಕೊಳ್ಳಿ? ಏನು ಮಾಡ್ಲಿ ಹೇಳಿ, ಬರ್ಕೊಳ್ಳಾ?"

ಅಡುಗೆಮನೆಯಲ್ಲಿ ಮಾರ್ಲಿಸ್ ಗೆಡ್ಡೆ ಹೆಚ್ಚುವ ಸದ್ದು ನಿಂತಿತು.

"ಬೇಡ ಬಿಡಿ," ಎಂದ ರಸ್.

ಹೆಚ್ಚುವ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಶುಕ್ರವಾರ ಅಂಗಳ ತುಂಬಿ ತುಳುಕುತ್ತಿತ್ತು. ಆಟದ ಎರಡನೆಯ ಅವಧಿಯಲ್ಲಿ ಡ್ರೆಸ್ಲರ್ ಯಾರದೋ ಮುಖಕ್ಕೆ ಮೊಣಕೈ ಎತ್ತಿ ಎರಡು ನಿಮಿಷಕ್ಕೆ ಪೆಟ್ಟಿಗೆಗೆ ಬಂದ. ಈಗ ಅವನು ರಸ್‌ನ ಆಪ್ತಮಿತ್ರ. ಪಕ್ಕಕ್ಕೆ ಒತ್ತಿ ಕೂತು, "ಕೇಳು ತಾತ, ಆ ಹನ್ನೊಂದನೇ ನಂಬರಿನವನಿಗೆ ಇವತ್ತು," ಎಂದು ಶುರುಮಾಡಿದ.

ರಸ್ ಕೋಟಿನ ಜೇಬಿಗೆ ಕೈಹಾಕಿದ. ಲಾರಿ ಓಡಿಸುವಾಗ ಸದ್ದು ತಡೆಯಲು ಬಳಸುತ್ತಿದ್ದ ಕಿತ್ತಳೆ ಬಣ್ಣದ ಸ್ಪಂಜಿನ ಕಿವಿತುಂಡುಗಳನ್ನು ತೆಗೆದ. ಒಂದೊಂದನ್ನೇ ಬೆರಳಲ್ಲಿ ಹೊಸೆದು ಎರಡೂ ಕಿವಿಗೆ ತುರುಕಿಕೊಂಡ. ಡ್ರೆಸ್ಲರ್‌ನ ತುಟಿ ಆಡುತ್ತಿತ್ತು. ಮಾತು ಮುಟ್ಟುತ್ತಿರಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಮೊದಲ ಬಾರಿಗೆ ರಸ್‌ಗೆ ನಿಜವಾಗಿಯೂ ಏನೂ ಕೇಳಿಸಲಿಲ್ಲ.

ಆ ಕಿತ್ತಳೆ ಬಣ್ಣವನ್ನು ಮೊದಲು ನೋಡಿದವನು ಹಿಂದಿನ ಸಾಲಿನಲ್ಲಿದ್ದ ಕ್ಲೈಡ್. ಅವನು ಪಕ್ಕದವರಿಗೆ ತೋರಿಸಿದ, ಅವರು ಮೇಲಿನವರಿಗೆ. ಲೀಗ್‌ನವರನ್ನು ಮುದುಕ ಅಣಕಿಸುತ್ತಿದ್ದಾನೆ ಎಂದು ಸಾಲು ಸಾಲಾಗಿ ಜನ ಎದ್ದು, ಕಿವಿಗೆ ಬೆರಳಿಟ್ಟುಕೊಂಡು ಅವನ ಹೆಸರು ಕೂಗಿದರು. ಶನಿವಾರದ ಪಂದ್ಯಕ್ಕೆ ಅರ್ಧ ಊರು ಕಿತ್ತಳೆ ಕಿವಿತುಂಡು ಹಾಕಿಕೊಂಡು ಬಂದಿತ್ತು. ಹಾರ್ಡ್‌ವೇರ್ ಅಂಗಡಿಯಲ್ಲಿ ದಾಸ್ತಾನು ಖಾಲಿಯಾಗಿ ಕೆಲವರು ಕ್ಯಾರೆಟ್ ಸಿಕ್ಕಿಸಿಕೊಂಡಿದ್ದರು.

ಶುಕ್ರವಾರ ಪೆಟ್ಟಿಗೆಯಲ್ಲಿ ಕೂತಿದ್ದ ರಸ್‌ಗೆ ಆ ಕೂಗೂ ಕೇಳಿಸುತ್ತಿರಲಿಲ್ಲ. ಗಡಿಯಾರ ಸೊನ್ನೆಗೆ ಬಂದದ್ದನ್ನು ನೋಡಿ ಎದ್ದು, ಬಾಗಿಲು ತೆಗೆದು, ಡ್ರೆಸ್ಲರ್‌ನನ್ನು ಹೊರಗೆ ಬಿಟ್ಟ.